ಗದ್ದೆಮ್ಮನ ಮುಖಕ್ಕೆ ಎಷ್ಟು ಬೆಳಕು

ಲಿಂಗಸುಗೂರು
4 ನವೆಂಬರ್ 2024

ಮಾಹಿರಾ ಅವರಿಗೆ ಜೈಭೀಮ್.

ಎರಡು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಹುಬ್ಬೇರಿಸಬೇಡಿ. ರಾಜಿಗಾಗಿ ಬರೆದ ಪತ್ರವಲ್ಲ ಇದು. ಕೆಲಸವಿದೆ. ಕವರಿನಲ್ಲಿ ಪೆನ್‌ಡ್ರೈವ್ ಇದೆ, ಅದರಲ್ಲಿ ಒಂದೇ ಫೋಟೊ ಇದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಫೋಟೊ ಸೊರಗುತ್ತದೆ. ಮೇಲಾಗಿ ನಿಮ್ಮ ನಂಬರನ್ನು ನಾನು ಬ್ಲಾಕ್ ಮಾಡಿದ್ದೇನೆ, ತೆಗೆಯುವ ಮನಸ್ಸಿಲ್ಲ. ಅದಕ್ಕೇ ಸಿಂಧನೂರು ಬಸ್ಸಿನ ಕಂಡಕ್ಟರ್ ದುರುಗಪ್ಪಣ್ಣನ ಕೈಗೆ ಕೊಟ್ಟಿದ್ದೇನೆ. ಮಸ್ಕಿಯಲ್ಲಿ ನಮ್ಮ ಓಣಿಯವರೇ, ನಿಮಗೂ ಗೊತ್ತು.

ಗುರುಗುಂಟಾದ ಹೈಸ್ಕೂಲಿನಲ್ಲಿ ಪಾಠ ಮುಗಿಸಿ ಮನೆಗೆ ಬಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ರಜೆ ಸಿಕ್ಕರೆ ಸ್ಕೂಟಿ ಹತ್ತುತ್ತೇನೆ, ಎಲ್ಲಿಗಾದರೂ ಹೋಗಿ ಫೋಟೊ ತೆಗೆಯುತ್ತೇನೆ, ‘ಬುತ್ತಿಗಂಟು’ ಎಂಬ ಪ್ರವಾಸದ ವೆಬ್‌ಸೈಟಿಗೆ ಕಳಿಸುತ್ತೇನೆ. ಇಪ್ಪತ್ತೊಂದು ಕಳಿಸಿದೆ, ಇಪ್ಪತ್ತೊಂದೂ ಬೇಡವಾದವು. ಇಪ್ಪತ್ತೆರಡನೆಯದು ಅವರಿಗೆ ಹಿಡಿಸಿದೆ. ದಸರಾ ರಜೆಯಲ್ಲಿ ಅವ್ವನನ್ನು ಹಿಂದೆ ಕೂರಿಸಿಕೊಂಡು ಮಸ್ಕಿಗೆ ಹೋಗಿದ್ದೆ. ಗುಡ್ಡ ಹತ್ತಿ ದಣಿದ ಅವ್ವ ಚಪ್ಪಲಿ ಬಿಚ್ಚಿಟ್ಟು ಬಂಡೆಯ ಮೇಲೆ ಕೂತಳು. ಸೂರ್ಯ ಆಕೆಯ ಬೆನ್ನ ಹಿಂದೆ ಇಳಿಯುತ್ತಿದ್ದ, ಕೆಳಗೆ ಇಡೀ ಊರು ಕಾಣುತ್ತಿತ್ತು. ಮಸ್ಕಿಯ ಪುಟ ತೆರೆದರೆ ಎಲ್ಲಕ್ಕಿಂತ ಮೇಲೆ ಇದೇ ಫೋಟೊ ಇರುತ್ತದೆ ಎಂದಿದ್ದಾರೆ.

ಆದರೆ ಫೋಟೊ ಎಡಕ್ಕೆ ವಾಲಿದೆ. ಪ್ಲಾಸ್ಟಿಕ್ ಚೀಲವೊಂದು ನಡುವೆ ಬಿದ್ದಿದೆ. ಅಗಲ ಸಾವಿರದ ಆರುನೂರು ಪಿಕ್ಸೆಲ್ ಇರಬೇಕು, ತೂಕ ಇನ್ನೂರು ಕೆಬಿ ದಾಟಬಾರದು. ಸರಿಮಾಡಲು ಇಲ್ಲಿನ ಸ್ಟುಡಿಯೊದವರೊಬ್ಬರಿಗೆ ಕೊಟ್ಟೆ. ಆಕಾಶಕ್ಕೆ ನೇರಳೆ ಬಣ್ಣ ಬಳಿದು ಎರಡು ಕೊಕ್ಕರೆ ಹಾರಿಸಿಕೊಟ್ಟರು. ಬೇರೆ ದಾರಿಯಿಲ್ಲದೆ ನಿಮಗೆ ಬರೆದಿದ್ದೇನೆ. ಫೋಟೊದ ಕೆಳಗೆ ಹಾಕುವ ಬರಹ: ‘ಸಂಜೆ ಬೆಳಕಿನಲ್ಲಿ ಮಸ್ಕಿ ಗುಡ್ಡ ಮತ್ತು ಸ್ಥಳೀಯ ಮಹಿಳೆ.’

ಒಂದೇ ಮಾತು. ಮುಖದ ತಂಟೆಗೆ ಹೋಗಬೇಡಿ. ನನ್ನ ಮುಖಕ್ಕೆ ಮಾಡಿದ್ದು ಸಾಕು. ಹೆಣ್ಣು ನೋಡಲು ಬರುವವರಿಗೆ ಕಳಿಸುವ ಫೋಟೊವನ್ನು ಒಂದು ಮಾತು ಕೇಳದೆ ಬೆಳ್ಳಗೆ ಮಾಡಿ ನನ್ನ ತಮ್ಮ ಭೀಮೇಶನ ಫೋನಿಗೆ ಹಾಕಿದಿರಿ. ಅದು ಹಾಗೇ ವಳಕಮದಿನ್ನಿಯ ಗಂಡಿನ ಮನೆಗೆ ಹೋಯಿತು. ಅವರು ಬಂದು ಒಮ್ಮೆ ಫೋನು ನೋಡಿ, ಒಮ್ಮೆ ನನ್ನನ್ನು ನೋಡಿ, ‘ಫೋಟೊದಾಗಿರಾಕಿ ಇವ್ರ ತಂಗಿ ಏನ್ರಿ?’ ಎಂದು ಕೇಳಿ ಚಹಾ ಕುಡಿಯದೆ ಎದ್ದು ಹೋದರು. ಆ ಫೋಟೊ ನಾನು ನೋಡಿದ್ದು ಆವಾಗಲೇ. ನೀವು ಮರೆತಿರಬಹುದು, ನಾನು ಮರೆತಿಲ್ಲ.

ಅಂಬಿಕಾ


ಸಿಂಧನೂರು
9 ನವೆಂಬರ್ 2024

ಅಂಬಿಕಾ ಮೇಡಮ್ಮನವರ ಸನ್ನಿಧಿಗೆ ಮಾಹಿರಾಳ ಸಲಾಮು.

‘ನೀವು’ ಅಂದಿದ್ದೀರಿ. ಓದಿ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಐದನೇ ಕ್ಲಾಸಿನಲ್ಲಿ ನನ್ನ ಹೇನು ಹೆಕ್ಕಿದವಳು ನನ್ನನ್ನು ‘ನೀವು’ ಅನ್ನುತ್ತಾಳೆಂದರೆ ಕಾಲ ಕೆಟ್ಟಿತು. ಇರಲಿ, ನಾನಂತೂ ನೀನು ಅನ್ನುವವಳೇ. ಸಿಟ್ಟಾದರೆ ಇನ್ನೊಂದು ಪತ್ರ ಬರೆ.

ಪೆನ್‌ಡ್ರೈವ್ ಮುಟ್ಟಿತು. ದುರುಗಪ್ಪಣ್ಣ ಸ್ಟುಡಿಯೊ ಬಾಗಿಲಲ್ಲೇ ನಿಂತು, ‘ಏನೈತವ್ವ ಇದ್ರಾಗ, ಬಂಗಾರನಾ? ಹತ್ತು ಸಲ ಹೇಳಿ ಕೊಟ್ಟಾಳ ಆಕಿ, ಕೈ ಜಾರ್ಸಿ ಗೀರ್ಸಿ ಅಂತ’ ಎಂದರು. ನಿನ್ನ ಸ್ವಭಾವ ಬದಲಾಗಿಲ್ಲ ಅಂತ ಖುಷಿಯಾಯಿತು.

ಮದುವೆ ಸೀಜನ್ ಶುರುವಾಗಿದೆ. ನಮ್ಮ ಸ್ಟುಡಿಯೊ ಮಾಲೀಕ ಸುನೀಲಣ್ಣ ಬೆಳಿಗ್ಗೆ ಎರಡು ಮದುವೆಯ ಫೋಟೊ ತಂದು ಸುರಿಯುತ್ತಾರೆ, ಸಂಜೆಗೆ ಮೂರನೆಯದು. ಅವರು ನನಗೆ ಕಲಿಸಿದ ಮೊದಲ ಪಾಠವೇ ಇದು: ‘ಮೊದ್ಲು ಬೆಳ್ಳಗ ಮಾಡು, ಆಮ್ಯಾಲೆ ಯಾರಂತ ನೋಡು.’ ವಧುವಿಗೆ ಎರಡು ಪಾಲು, ವರನಿಗೆ ಒಂದು ಪಾಲು, ಬೀಗರಿಗೆ ಅವರವರ ಜೋರಿಗೆ ತಕ್ಕಂತೆ. ನಮ್ಮ ಕಂಪ್ಯೂಟರಿನೊಳಗೆ ಹುಡುಕಿದರೆ ಸಿಂಧನೂರು ತಾಲ್ಲೂಕಿನಲ್ಲಿ ಕಪ್ಪಗಿರುವವರು ಒಬ್ಬರೂ ಸಿಗುವುದಿಲ್ಲ. ಗೊರೇಬಾಳದ ಗದ್ದೆಯಲ್ಲಿ ನಾಲ್ಕು ತಿಂಗಳು ಬಿಸಿಲಿಗೆ ನಿಂತವನೂ ಇಲ್ಲಿ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಇರುತ್ತಾನೆ.

ಈ ಗದ್ದಲದ ನಡುವೆ ನಿನ್ನ ಫೋಟೊ ತೆರೆದೆ. ಸತ್ಯ ಹೇಳುತ್ತೇನೆ, ಮೌಸ್ ಮೇಲಿನ ಕೈ ನಿಂತುಬಿಟ್ಟಿತು. ನಿಮ್ಮವ್ವ, ನನ್ನ ಗದ್ದೆಮ್ಮ ಚಿಗವ್ವ, ಎಷ್ಟು ಹಾಯಾಗಿ ಕೂತಿದ್ದಾಳೆ! ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದಾಳೆ. ಅಂಗನವಾಡಿಯಲ್ಲಿ ನಮಗೆ ಉಪ್ಪಿಟ್ಟು ಬಡಿಸಿ ಆಮೇಲೆ ಹೀಗೇ ಕೂರುತ್ತಿದ್ದಳಲ್ಲ.

ವಾಲಿದ್ದನ್ನು ನೆಟ್ಟಗೆ ಮಾಡಿದ್ದೇನೆ. ಚೀಲ ತೆಗೆದಿದ್ದೇನೆ, ಚಪ್ಪಲಿ ಬಿಟ್ಟಿದ್ದೇನೆ, ಅವು ಅಲ್ಲಿರಲಿ. ಚಿಗವ್ವ ಬಲಕ್ಕೆ ಕೂತಿರುವುದರಿಂದ ಫೋನಿನಲ್ಲಿ ತೆರೆದರೆ ಬದಿ ಕತ್ತರಿಸಿ ಆಕೆಯ ಅರ್ಧ ಮೈ ಹೊರಗೆ ಉಳಿಯುತ್ತದೆ. ಅದಕ್ಕೆ ಫೋನಿಗೆಂದೇ ಉದ್ದನೆಯದೊಂದು ಬೇರೆ ಮಾಡಿದ್ದೇನೆ. ಎರಡೂ ಇನ್ನೂರು ಕೆಬಿಯೊಳಗಿವೆ. ಮುಖ ಮುಟ್ಟಿಲ್ಲ. ನಿನ್ನ ಅಪ್ಪಣೆಗೆ ಹೆದರಿ ಅಲ್ಲ, ನನಗೇ ಮುಟ್ಟಬೇಕೆನಿಸಲಿಲ್ಲ.

ಕೆಳಗಿನ ಬರಹ ಮಾತ್ರ ನನಗೆ ಸರಿಬರಲಿಲ್ಲ. ಸ್ಥಳೀಯ ಮಹಿಳೆಯಂತೆ! ನಿನ್ನನ್ನು ಹೆತ್ತವಳಿಗೆ ಹೆಸರಿಲ್ಲವೇನು?

ಮಾಹಿರಾ


ಲಿಂಗಸುಗೂರು
21 ನವೆಂಬರ್ 2024

ಮಾಹಿರಾ,

ಕೆಲಸ ಚೆನ್ನಾಗಿದೆ. ಚೆನ್ನಾಗಿಲ್ಲ ಅಂದರೆ ಸುಳ್ಳಾಗುತ್ತದೆ. ‘ನೀವು’ ಅನ್ನುವುದು ನನಗೂ ಬಾಯಲ್ಲಿ ನಿಲ್ಲುತ್ತಿರಲಿಲ್ಲ, ಬಿಟ್ಟಿದ್ದೇನೆ. ಅದಕ್ಕೆ ಬೇರೆ ಅರ್ಥ ಹಚ್ಚಬೇಡ.

ನಿನ್ನೆ ವೆಬ್‌ಸೈಟಿನಿಂದ ಫೋನು ಬಂತು. ಅಲ್ಲಿ ಫೋಟೊ ನೋಡಿಕೊಳ್ಳುವ ಮೇಡಂ ಬಹಳ ನಯವಾಗಿ ಮಾತಾಡಿದರು. ಗುಡ್ಡ ಸುಂದರವಾಗಿದೆ, ಬೆಳಕು ಸುಂದರವಾಗಿದೆ, ಆದರೆ ಆ ಹೆಂಗಸಿನ ಮುಖ ತೀರಾ ಕಪ್ಪಾಗಿ ಬಂದಿದೆ, ಪುಟ ತೆರೆದವರಿಗೆ ಮೊದಲ ನೋಟಕ್ಕೇ ಹಿತವಾಗಿ ಕಾಣಬೇಕು, ಸ್ವಲ್ಪ ಬೆಳಗಿಸಿ ಕೊಡಿ ಎಂದರು. ಅದು ಕಷ್ಟವಾದರೆ ಹೆಂಗಸನ್ನೇ ತೆಗೆದುಬಿಡಿ, ಗುಡ್ಡ ಒಂದೇ ಇದ್ದರೂ ನಡೆಯುತ್ತದೆ ಎಂದರು. ನಾನು ‘ಆಯ್ತು ಮೇಡಂ’ ಎಂದೆ.

ನೀನು ಈಗ ಏನು ಅಂದುಕೊಳ್ಳುತ್ತೀಯೋ ಗೊತ್ತು. ಆದರೆ ಕೇಳು, ಸೂರ್ಯ ಬೆನ್ನ ಹಿಂದೆ ಇದ್ದಾಗ ಯಾರ ಮುಖವಾದರೂ ಕಪ್ಪಾಗುತ್ತದೆ. ಅದು ನೆರಳಷ್ಟೆ. ನೆರಳು ತೆಗೆದರೆ ತಪ್ಪೇನು? ಇಪ್ಪತ್ತೊಂದು ಸಲ ಬೇಡ ಅನ್ನಿಸಿಕೊಂಡಿದ್ದೇನೆ, ಮಾಹಿರಾ. ಶಾಲೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಹೆಡ್‌ಮಾಸ್ಟರು ದಿನಾ ಬೆಳಿಗ್ಗೆ ‘ಬಂತೇನ್ರಿ ಮೇಡಂ?’ ಎಂದು ಕೇಳುತ್ತಾರೆ. ಪಾಠದ ನಡುವೆಯೂ ನನ್ನ ಕೈ ಫೋನಿಗೆ ಹೋಗುತ್ತದೆ, ಉಂಡದ್ದು ಮೈಗೆ ಹತ್ತುತ್ತಿಲ್ಲ.

ಅದೇ ಪೆನ್‌ಡ್ರೈವ್ ಕಳಿಸುತ್ತಿದ್ದೇನೆ. ಅವ್ವನ ಮುಖಕ್ಕೆ ಸ್ವಲ್ಪ ಬೆಳಕು ಹಾಕಿಕೊಡು. ಈ ತಿಂಗಳೊಳಗೆ ಬೇಕು.

ಅಂಬಿಕಾ


ಸಿಂಧನೂರು
24 ನವೆಂಬರ್ 2024

ಅಂಬಿಕಾ,

ನೆರಳು ತೆಗೆಯುವುದು ಬೇರೆ, ಬಣ್ಣ ತೆಗೆಯುವುದು ಬೇರೆ. ಹತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಅಷ್ಟು ಗೊತ್ತಿದೆ.

ನೀನು ಕೇಳಿದ ಹಾಗೆ ನೆರಳು ತೆಗೆದೆ. ಕಣ್ಣು ಕಂಡವು, ಮೂಗುತಿಯ ಹರಳು ಕಂಡಿತು, ಹಣೆಯ ಮೇಲಿನ ಗೆರೆಗಳು ಕಂಡವು. ನೆರಳೆಲ್ಲ ಹೋಯಿತು, ಆದರೂ ಚಿಗವ್ವ ಕಪ್ಪಗೇ ಇದ್ದಾಳೆ. ಯಾಕೆಂದರೆ ಆಕೆ ಇರುವುದೇ ಹಾಗೆ. ನಿನ್ನ ಮೇಡಮ್ಮಿಗೆ ಬೇಕಾಗಿರುವುದು ನೆರಳು ತೆಗೆದದ್ದಲ್ಲ, ಅದು ನಿನಗೂ ಗೊತ್ತು ನನಗೂ ಗೊತ್ತು. ನೆರಳು ತೆಗೆದದ್ದನ್ನು ಪೆನ್‌ಡ್ರೈವಿನಲ್ಲಿ ಹಾಕಿದ್ದೇನೆ. ಅದರಾಚೆ ನನ್ನಿಂದ ಆಗುವುದಿಲ್ಲ.

ನೀನು ‘ಆಯ್ತು ಮೇಡಂ’ ಅಂದದ್ದು ನನಗೆ ಓದಲಾಗಲಿಲ್ಲ. ಅಲ್ಲವೇ, ಅವರು ‘ಹೆಂಗಸನ್ನೇ ತೆಗೆದುಬಿಡಿ’ ಅನ್ನುತ್ತಿದ್ದಾರೆ, ಚಿಗವ್ವ ಅಲ್ಲೇ ಪಕ್ಕದ ಕೋಣೆಯಲ್ಲಿ ನಿನಗೆ ರೊಟ್ಟಿ ಬಡಿಯುತ್ತಿರಬೇಕು, ಆಕೆ ನಮ್ಮವ್ವ ಅಂತ ಎರಡು ಮಾತು ಹೇಳಲು ನಿನಗೇನು ಅಡ್ಡ ಬಂದಿತ್ತು? ತರಗತಿಯಲ್ಲಿ ಮಕ್ಕಳಿಗೆ ಸಮಾನತೆ ಪಾಠ ಮಾಡುವವಳು ನೀನು. ನಾನು ಬರೀ ಪಿಯುಸಿ.

ಸಿಟ್ಟಿನಲ್ಲಿ ಬರೆದಿದ್ದೇನೆ. ಸುನೀಲಣ್ಣ ಹಿಂದೆ ನಿಂತು ‘ಯಾರಿಗಬೇ ಅಷ್ಟು ಒತ್ತಿ ಬರ್ಯಾಕತ್ತಿ, ಹಾಳಿ ಹರದೀತು’ ಅನ್ನುತ್ತಿದ್ದಾರೆ. ಹರಿಯಲಿ.

ಮಾಹಿರಾ


ಲಿಂಗಸುಗೂರು
29 ನವೆಂಬರ್ 2024

ಮಾಹಿರಾ,

ಉಪದೇಶ ಮುಟ್ಟಿತು. ಅವತ್ತು ಕೇಳದೆ ಮಾಡಿದವಳು ಇವತ್ತು ಕೇಳಿದರೂ ಮಾಡುವುದಿಲ್ಲ. ಇದು ಯಾವ ನ್ಯಾಯ? ನನ್ನ ಮುಖ ಕೆಡಿಸುವಾಗ ನಿನಗೆ ಈ ನೆರಳು ಬಣ್ಣದ ಲೆಕ್ಕ ಎಲ್ಲಿ ಹೋಗಿತ್ತು?

ನೆರಳು ತೆಗೆದದ್ದನ್ನು ಕಳಿಸಿದೆ. ಇನ್ನೂ ಸಾಲದು, ಡಿಸೆಂಬರ್ ಹತ್ತರವರೆಗೆ ನೋಡುತ್ತೇವೆ ಎಂದರು.

ಅವ್ವನಿಗೆ ಏನೂ ಹೇಳಿಲ್ಲ. ಆಕೆ ಮಸ್ಕಿಗೆ ಫೋನು ಮಾಡಿ ಚಿಕ್ಕಮ್ಮನಿಗೆ, ‘ನನ್ನ ಫೋಟೊ ಕಂಪ್ಯೂಟರ್‌ದಾಗ ಬರ್ತೈತಂತ, ಜಗತ್ತೆಲ್ಲಾ ನೋಡ್ತೈತಂತ’ ಎಂದು ಹೇಳುವುದು ಕೇಳಿಸಿತು. ಗೋಡೆಗೆ ತಲೆ ಬಡಿದುಕೊಳ್ಳಬೇಕು ಅನಿಸಿತು.

ಒಂದನ್ನು ಮಾತ್ರ ಹೇಳು. ಎರಡು ವರ್ಷದ ಹಿಂದೆ ಯಾಕೆ ಹಾಗೆ ಮಾಡಿದೆ?

ಅಂಬಿಕಾ


ಸಿಂಧನೂರು
3 ಡಿಸೆಂಬರ್ 2024

ಅಂಬಿಕಾ,

ನಿನ್ನ ಪ್ರಶ್ನೆಗೆ ಮೂರು ಪತ್ರ ಬರೆದು ಮೂರನ್ನೂ ಹರಿದೆ. ಇದು ನಾಲ್ಕನೆಯದು.

ಅವತ್ತು ನನಗೆ ಒಬ್ಬರು ಕೇಳಿಕೊಂಡರು, ನಾನು ಮಾಡಿದೆ. ಯಾರು ಎಂದು ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ. ಸುನೀಲಣ್ಣ ಅಲ್ಲ, ಭೀಮೇಶ ಅಲ್ಲ, ಅಷ್ಟು ಹೇಳಬಲ್ಲೆ. ಹಾಗಂತ ನಾನು ತಪ್ಪಿಸಿಕೊಳ್ಳುವುದಿಲ್ಲ. ಕೈ ನನ್ನದು. ಆಗುವುದಿಲ್ಲ ಅಂತ ಗಟ್ಟಿಯಾಗಿ ಹೇಳಬೇಕಿತ್ತು. ನಿನ್ನನ್ನು ಒಮ್ಮೆ ಕೇಳಬೇಕಿತ್ತು. ವಳಕಮದಿನ್ನಿಯವರು ಎದ್ದು ಹೋದರೆಂದು ಭೀಮೇಶ ಫೋನು ಮಾಡಿದ ದಿನ ನಾನು ಅಂಗಡಿಯಲ್ಲಿ ಕೂತು ಅತ್ತೆ. ನಿನಗೆ ಫೋನು ಮಾಡಿದೆ, ಹೋಗಲಿಲ್ಲ. ಹನ್ನೊಂದು ಸಲ ಮಾಡಿದ ಮೇಲೆ ಬ್ಲಾಕ್ ಮಾಡಿದ್ದೀಯೆಂದು ಗೊತ್ತಾಯಿತು.

ಅಂದಿನಿಂದ ಯಾರಾದರೂ ಕಪ್ಪು ಹುಡುಗಿ ಫೋಟೊಗೆ ಬಂದು ಕೂತರೆ, ನಿಮಗೆ ಹೇಗೆ ಬೇಕು ಅಂತ ನಾನು ಮೊದಲು ಅವಳನ್ನೇ ಕೇಳುತ್ತೇನೆ. ಸುನೀಲಣ್ಣ ಬೈಯುತ್ತಾರೆ. ಮುಕ್ಕಾಲು ಪಾಲು ಹುಡುಗಿಯರು ಬೆಳ್ಳಗೆ ಮಾಡ್ರಿ ಅಂತಲೇ ಅನ್ನುತ್ತಾರೆ, ಮಾಡಿಕೊಡುತ್ತೇನೆ. ಆದರೆ ಕೇಳದೆ ಮಾಡುವುದನ್ನು ಬಿಟ್ಟಿದ್ದೇನೆ.

‘ಕೇಳಿದರೂ ಮಾಡುವುದಿಲ್ಲ’ ಅಂದೆಯಲ್ಲ, ನೀನು ಕೇಳಿದ್ದನ್ನೂ ನಿನ್ನೆ ಮಾಡಿದೆ. ಹದಿನಾಲ್ಕು ಸಲ ಮಾಡಿ ಅಳಿಸಿದೆ, ಹದಿನೈದನೆಯದನ್ನು ಉಳಿಸಿದೆ. ಜೊತೆಗೆ ಕಳಿಸಿದ ನನ್ನ ಪೆನ್‌ಡ್ರೈವಿನಲ್ಲಿ ಎರಡು ಫೋಟೊಗಳಿವೆ: ನೆರಳು ತೆಗೆದದ್ದು, ಬೆಳ್ಳಗೆ ಮಾಡಿದ್ದು. ಯಾವುದನ್ನು ಕಳಿಸುತ್ತೀಯೋ ನಿನಗೆ ಬಿಟ್ಟದ್ದು. ಒಂದೇ ಒಂದು ಮಾಡು, ಕಳಿಸುವ ಮುಂಚೆ ಎರಡನ್ನೂ ಚಿಗವ್ವನಿಗೆ ತೋರಿಸು. ಮುಖ ಆಕೆಯದು.

ಮಾಹಿರಾ


ಸಿಂಧನೂರು
22 ಡಿಸೆಂಬರ್ 2024

ಅಂಬಿಕಾ,

ಪೆನ್‌ಡ್ರೈವ್ ನಿನ್ನ ಕೈಗೇ ಕೊಟ್ಟೆ ಅಂತ ದುರುಗಪ್ಪಣ್ಣ ಆಣೆ ಮಾಡುತ್ತಾರೆ. ಕೊಟ್ಟು ಎರಡು ವಾರ ಮೇಲಾಯಿತು. ಹತ್ತನೇ ತಾರೀಖು ಬಂದು ಹೋಯಿತು. ನಿನ್ನಿಂದ ಒಂದು ಸಾಲು ಇಲ್ಲ.

ದಿನಾ ಆ ವೆಬ್‌ಸೈಟ್ ತೆರೆದು ನೋಡುತ್ತೇನೆ. ಬೆಳಿಗ್ಗೆ ನೋಡುತ್ತೇನೆ, ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ನೋಡುತ್ತೇನೆ. ಮಸ್ಕಿಯ ಪುಟದಲ್ಲಿ ‘ಶೀಘ್ರದಲ್ಲಿ’ ಅಂತಷ್ಟೇ ಇದೆ. ನಿನ್ನೆ ಒಬ್ಬ ಮದುಮಗಳಿಗೆ ಇನ್ನೊಬ್ಬಳ ಸರ ಹಾಕಿ ಪ್ರಿಂಟ್ ತೆಗೆದುಬಿಟ್ಟೆ. ನಮ್ಮಮ್ಮ ಮಾಬುಬೀ, ‘ಕೈಯಾಗ ಚಹಾ ಹಿಡ್ಕೊಂಡು ಚಹಾ ಎಲ್ಲೈತಿ ಅಂತ ಕೇಳಾಕತ್ತಿ. ಲಿಂಗಸುಗೂರೇನು ದುಬೈನಾಗ ಐತೇನ? ಬಸ್ ಹತ್ತಿ ಹೋಗು’ ಎಂದು ಬೈದಳು. ಬಸ್‌ಸ್ಟ್ಯಾಂಡಿನವರೆಗೂ ಹೋಗಿದ್ದೆ. ನಿನ್ನ ಮನೆಯ ಬಾಗಿಲು ತೆರೆಯುವವರು ಯಾರೋ, ಏನು ಅನ್ನುವರೋ ಎಂದು ಹೆದರಿಕೆಯಾಗಿ ಹಿಂದಕ್ಕೆ ಬಂದೆ.

ಕೆಟ್ಟದ್ದೇ ಆಗಿದ್ದರೂ ಬರೆ.

ಮಾಹಿರಾ


ಲಿಂಗಸುಗೂರು
5 ಜನವರಿ 2025

ಮಾಹಿರಾ,

ಪೆನ್‌ಡ್ರೈವ್ ಬಂದ ದಿನವೇ ಲ್ಯಾಪ್‌ಟಾಪ್ ತೆರೆದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೆಳ್ಳಗೆ ಮಾಡಿದ್ದನ್ನೇ ಮೊದಲು ತೋರಿಸಿದೆ. ಅವ್ವ ಕಣ್ಣು ಕಿರಿದು ಮಾಡಿ ನೋಡಿ, ‘ಯಾರಬೇ ಈಕಿ? ನನ್ನ ಸೀರಿ ಉಟ್ಕೊಂಡು ಕುಂತಾಳಲ್ಲ’ ಎಂದಳು.

‘ನೀನ ಅದು’ ಎಂದೆ.

‘ನಾನಾ?’ ಎಂದು ಪರದೆಯ ಹತ್ತಿರಕ್ಕೆ ಬಾಗಿದಳು. ಆಮೇಲೆ, ‘ಮಾಹಿರಾ ಮಾಡ್ಯಾಳೇನು ಇದನ್ನ?’ ಎಂದಳು.

‘ಹೂಂ. ನಾನ ಮಾಡು ಅಂದಿದ್ನಿ. ಆಕಿ ಒಲ್ಲೆ ಅಂದ್ಲು. ಜಬರ್ದಸ್ತಿ ಮಾಡಿದೆ.’

ಅವ್ವ ಮೊರ ಕೆಳಗಿಟ್ಟಳು. ‘ಪಾಪ, ಆಕಿ ಅವತ್ತೂ ಒಲ್ಲೆ ಅಂದಿದ್ಲು’ ಎಂದಳು. ಆಮೇಲೆ ನಾನು ಕೇಳದೆಯೇ ಎಲ್ಲ ಹೇಳಿದಳು. ‘ನಾನ ಸಿಂಧನೂರಿಗೆ ಹೋಗಿ ಹೇಳಿದ್ನಿ ನಿನ್ನ ಫೋಟೊ ಬೆಳ್ಳಗ ಮಾಡು ಅಂತ. ಬ್ಯಾಡ ಚಿಗವ್ವ, ಅಂಬಿಕಾನ್ನ ಕೇಳಿ ಮಾಡ್ತೀನಿ ಅಂದ್ಲು. ನಾ ಆಕಿ ಕೈ ಹಿಡ್ಕೊಂಡು ಅತ್ನಿ. ಯಾರಿಗೂ ಹೇಳಬ್ಯಾಡ ಅಂತ ಮಾತು ತಗೊಂಡ್ನಿ. ನನ್ನ ಬಣ್ಣ ನಿನಗ ಬಂದೈತಿ. ಈ ಬಣ್ಣಕ್ಕ ನಾ ಏನೇನು ಅನ್ನಿಸ್ಕೊಂಡೀನಿ ನಿನಗೇನು ಗೊತ್ತೈತಿ?’

‘ಎರಡು ವರ್ಷ ಆಕಿನ್ನ ಬೈಕೋತ ತಿರುಗೀನಿ ನಾನು. ಒಂದು ಮಾತು ಹೇಳಬಾರದಾ?’ ಎಂದು ಕೂಗಿಬಿಟ್ಟೆ.

‘ಆಕಿ ಮ್ಯಾಲೆ ಸಿಟ್ಟಾದ್ರ ಆಕಿ ಅವ್ರ ಮನ್ಯಾಗ ಇರ್ತಾಳ. ನನ್ನ ಮ್ಯಾಲೆ ಸಿಟ್ಟಾದ್ರ ನಾ ಎಲ್ಲಿಗೆ ಹೋಗ್ಲಿ?’ ಎಂದಳು ಅವ್ವ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಮರುದಿನ ಆಕೆಯೇ ಲ್ಯಾಪ್‌ಟಾಪ್ ತೆರೆಯಲು ಹೇಳಿದಳು. ನೆರಳು ತೆಗೆದದ್ದನ್ನು ಹತ್ತಿರದಿಂದ ನೋಡಿ, ‘ಇದನ್ನ ಹಾಕು. ನಾ ಉಪ್ಪಿಟ್ಟು ಹಾಕಿ ಬೆಳಸಿದ ಹುಡುಗ್ರು ಎಲ್ಲೆಲ್ಲೋ ಅದಾವು. ನೋಡಿದ್ರ ನಮ್ಮ ಆಯಾ ಅಂತ ಗುರ್ತು ಹಿಡೀಬೇಕು’ ಎಂದಳು. ವೆಬ್‌ಸೈಟಿಗೆ ಫೋನು ಮಾಡಿ, ಆಕೆ ನಮ್ಮವ್ವ, ಬಣ್ಣ ಇಷ್ಟೇ, ಹಾಕುವುದಿದ್ದರೆ ಹೀಗೇ ಹಾಕಿ ಎಂದೆ. ಆ ಮೇಡಂ ತಡವರಿಸಿ, ಮೊದಲೇ ಹೇಳಬಾರದಿತ್ತೇ ಎಂದರು. ನಿನ್ನೆ ಮಸ್ಕಿಯ ಪುಟ ತೆರೆದಿದೆ. ಎಲ್ಲಕ್ಕಿಂತ ಮೇಲೆ ಬೇರೆ ಯಾರದೋ ಫೋಟೊ ಇದೆ, ಮನುಷ್ಯರಿಲ್ಲದ್ದು. ನಮ್ಮದು ಕೆಳಗೆ ನಾಲ್ಕನೆಯದು. ‘ಗದ್ದೆಮ್ಮ, ಮಸ್ಕಿ ಗುಡ್ಡದ ಮೇಲೆ’ ಎಂದು ಬರೆದಿದೆ. ಅವ್ವ ಅದನ್ನು ಬೆರಳಿಟ್ಟು ಮೂರು ಸಲ ಓದಿದಳು.

ಇಷ್ಟು ಬರೆಯಲು ಒಂದು ತಿಂಗಳು ಬೇಕಿರಲಿಲ್ಲ. ತಡವಾದದ್ದು ಇದರ ಮುಂದಿನದಕ್ಕೆ.

ಅವ್ವ ತನ್ನದನ್ನು ಹೇಳಿಕೊಂಡು ಹಗುರಾದಳು, ಅವತ್ತು ಚೆನ್ನಾಗಿ ನಿದ್ದೆ ಮಾಡಿದಳು. ನನಗೆ ಅಂದಿನಿಂದ ಕೂತರೆ ನಿಂತರೆ ಸಮಾಧಾನವಿಲ್ಲ. ನಿನಗೆ ಸುಳ್ಳು ಹೇಳಿದ್ದೇನೆ, ಮಾಹಿರಾ. ವಳಕಮದಿನ್ನಿಯವರು ಬಂದಾಗಲೇ ಆ ಫೋಟೊ ಮೊದಲು ನೋಡಿದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ನೀನು ಕಳಿಸಿದ ದಿನವೇ ಭೀಮೇಶ ಫೋನು ತಂದು ನನಗೆ ತೋರಿಸಿದ. ‘ಅಕ್ಕಾ, ಭಾಳ ಬೆಳ್ಳಗ ಮಾಡ್ಯಾಳಬೇ, ನೀ ಅನ್ಸವಲ್ದು. ಬ್ಯಾರೆ ಕೇಳ್ಲಿ?’ ಎಂದ. ನಾನು ಫೋನು ಇಸಿದುಕೊಂಡು ಒಳಗೆ ಹೋದೆ. ಬಾಗಿಲು ಹಾಕಿಕೊಂಡು ನೋಡಿದೆ. ದೊಡ್ಡದು ಮಾಡಿ ನೋಡಿದೆ. ಜೀವನದಲ್ಲಿ ಮೊದಲ ಸಲ ನನಗೆ ನಾನು ಚೆಂದ ಕಂಡೆ. ಹೊರಗೆ ಬಂದು, ‘ಬ್ಯಾರೆ ಬ್ಯಾಡ, ಇದನ್ನ ಕಳ್ಸು’ ಎಂದೆ.

ಅವರು ಎದ್ದು ಹೋದ ಮೇಲೆ ಬೈಯಲು ನನಗೆ ಯಾರಾದರೂ ಬೇಕಾಗಿತ್ತು. ನೀನು ಸಿಕ್ಕೆ. ನಂಬರು ಬ್ಲಾಕ್ ಮಾಡಿದ್ದರಿಂದ ನಿನಗೆ ಎದುರು ಮಾತಾಡಲಾಗಲಿಲ್ಲ, ನನಗೆ ಅದೇ ಅನುಕೂಲವಾಯಿತು. ನನ್ನಿಂದ ತಪ್ಪಾಯಿತು.

ಅಂಬಿಕಾ